ಬಾಲ ಕಿತ್ತರೂ ಒಡೆಯದ ನಂಬರು

ಹೊಲಿಗೆ ಯಂತ್ರದ ಮೆಕ್ಯಾನಿಕ್ ಅಂಗಡಿಯ ಬಾಗಿಲಲ್ಲಿ ಕೂತು, ಬಾಬಿನ್ ಕೇಸಿನೊಳಗೆ ಸಿಕ್ಕಿಕೊಂಡಿದ್ದ ದಾರದ ಗಂಟನ್ನು ಸೂಜಿಯ ತುದಿಯಿಂದ ಕೀಳುತ್ತಿದ್ದ. ತಲೆ ಎತ್ತಿದರೆ, ರಸ್ತೆಯ ನಟ್ಟನಡುವೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಒಂದು ಕಣ್ಣು ಮುಚ್ಚಿತ್ತು. ಬಲಗೈ ಮುಂದಕ್ಕೆ ಚಾಚಿ, ಅಂಗೈಯನ್ನು ಅವನ ಅಂಗಡಿಯ ಬೋರ್ಡಿನತ್ತ ಅಡ್ಡ ಹಿಡಿದಿದ್ದರು. ಕೈ ನಿಧಾನವಾಗಿ ಎಡಕ್ಕೆ ಸರಿಯುತ್ತಿತ್ತು, ತುಟಿ ಏನೋ ಗೊಣಗುತ್ತಿತ್ತು. ಸೈಕಲ್ ಸವಾರನೊಬ್ಬ ಬೆಲ್ಲು ಬಾರಿಸಿ ಬಾರಿಸಿ ಸಾಕಾಗಿ, ಅವರಿಗೊಂದು ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿಕೊಂಡು ಹೋದ.

ಮೆಕ್ಯಾನಿಕ್ ಎದ್ದು ನಿಂತ. "ಮೇಡಂ, ತಲೆ ಸುತ್ತುತ್ತಾ?"

"ಈ ನಂಬರು ಯಾರದು?" ಎಂದರು ಅವರು, ಕೈ ಇಳಿಸದೆ.

"ನಂದೇ. ಹದಿನೆಂಟು ವರ್ಷದಿಂದ ಇದೇ ಫೋನು. ಯಾಕೆ, ರಾಂಗ್ ನಂಬರ್ ಬಂತಾ?"

"ರಾಂಗಾ? ಇಷ್ಟು ರೈಟಾದ ನಂಬರನ್ನ ನಾನು ಗೋಡೆ ಮೇಲೆ ಯಾವತ್ತೂ ನೋಡಿಲ್ಲ."

ಬೋರ್ಡಿನ ಮೇಲೆ, ಮೆಕ್ಯಾನಿಕ್ ತಾನೇ ಕೆಂಪು ಬಣ್ಣದಲ್ಲಿ ಬರೆದಿದ್ದ ಎಂಟು ಅಂಕಿಗಳಿದ್ದವು: 73939133. ಮೂರುಗಳು ಸ್ವಲ್ಪ ಸೊಂಟ ಬಾಗಿಸಿಕೊಂಡಿದ್ದವು ಅನ್ನುವುದನ್ನು ಬಿಟ್ಟರೆ ಅವುಗಳಲ್ಲಿ ಅವನಿಗೆ ಯಾವ ವಿಶೇಷವೂ ಕಂಡಿರಲಿಲ್ಲ.

ಆಕೆ ಮೂವತ್ತಾರು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದ ಟೀಚರ್. ಅವರ ತಾಯಿಯ ಕಾಲದ ಯಂತ್ರ ಹೊಲಿಗೆ ತಪ್ಪಿಸುತ್ತಿತ್ತೆಂದು ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ರಿಪೇರಿಗೆ ತಂದಿದ್ದರು. ಗಾಡಿಯವನು ಯಂತ್ರ ಇಳಿಸಿ ಹೋದರೂ ಅವರಿಗೆ ಯಂತ್ರದ ನೆನಪೇ ಇರಲಿಲ್ಲ. ಒಳಗೆ ಬಂದು ಸ್ಟೂಲಿನ ಮೇಲೆ ಕೂತವರೇ, "ಗುಂಡಿ ಇದ್ದಾವಾ?" ಎಂದು ಕೇಳಿದರು.

ಗುಂಡಿಗಳಿಗೇನು ಬರ. ಮೆಕ್ಯಾನಿಕನ ಹೆಂಡತಿ ಊರಿನ ದರ್ಜಿಗಳಿಗೆಲ್ಲ ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡುವವಳು. ಅವಳ ಡಬ್ಬಿ ಅಂಗಡಿಯ ಹಿಂದಿನ ಮನೆಯಲ್ಲೇ ಇತ್ತು. ಅವನು ಅದನ್ನು ತಂದಿಟ್ಟ ಮೇಲೆ ಟೀಚರ್ ಅದರಿಂದ ಹನ್ನೆರಡು ಗುಂಡಿ ಎಣಿಸಿ ಕೊಟ್ಟರು.

"ಸಮಸಮ ಸಾಲಾಗಿ ಜೋಡಿಸಿ."

ಅವನು ನಾಲ್ಕರ ಮೂರು ಸಾಲು ಮಾಡಿದ. ಆಮೇಲೆ ಆರರ ಎರಡು ಸಾಲು ಮಾಡಿ, ಹೇಗಿದೆ ಎಂಬಂತೆ ನೋಡಿದ. ಟೀಚರ್ ಇನ್ನೊಂದು ಗುಂಡಿ ಇಟ್ಟರು. "ಈಗ ಹದಿಮೂರು. ಜೋಡಿಸಿ."

ಎರಡರ ಸಾಲು ಮಾಡಿದರೆ ಒಂದು ಮಿಕ್ಕಿತು. ಮೂರರ ಸಾಲಿಗೂ ಒಂದು ಮಿಕ್ಕಿತು. ಐದರ ಸಾಲಿಗೆ ಮೂರು ಮಿಕ್ಕವು. ಅವನು ಬೆವರೊರೆಸಿಕೊಂಡು, ಡಬ್ಬಿಯಿಂದ ಕೋಟಿನ ದೊಡ್ಡ ಗುಂಡಿಯೊಂದನ್ನು ತೆಗೆದು ಸಣ್ಣದೊಂದರ ಬದಲಿಗೆ ಸದ್ದಿಲ್ಲದೆ ಇಟ್ಟು, ಅದು ಎರಡರ ಜಾಗ ತುಂಬುತ್ತದೋ ಎಂದು ನೋಡಿದ.

"ಕೋಟಿನ ಗುಂಡಿಯೂ ಒಂದೇ ಲೆಕ್ಕ," ಎಂದರು ಟೀಚರ್. ಮೂವತ್ತಾರು ವರ್ಷ ಮಕ್ಕಳ ಕಳ್ಳಾಟ ನೋಡಿದ ಕಣ್ಣು ಅದು. "ಆಗಲ್ಲ. ಒಂದೇ ಉದ್ದ ಸಾಲು ಬಿಟ್ಟು ಬೇರೆ ದಾರಿಯಿಲ್ಲ. ಇದನ್ನ ಅವಿಭಾಜ್ಯ ಸಂಖ್ಯೆ ಅಂತಾರೆ."

"ಅವಿಭಕ್ತ ಕುಟುಂಬ ಇದ್ದ ಹಾಗಾ?"

"ಕುಟುಂಬ ಒಡೆಯುತ್ತೆ. ಇದು ಒಡೆಯಲ್ಲ."

ಮಾತು ಮೆಕ್ಯಾನಿಕನಿಗೆ ನಾಟಿತು. ಅವನೂ ಅವನ ಅಣ್ಣನೂ ತಮ್ಮನೂ ಮನೆ ಭಾಗ ಮಾಡಿಕೊಂಡಾಗ ಏಣಿಯನ್ನೂ ಗರಗಸದಿಂದ ಕೊಯ್ದು ಹಂಚಿಕೊಂಡವರು. ಅಂದಿನಿಂದ ಮೂವರಲ್ಲಿ ಒಬ್ಬನೂ ತನ್ನ ಮಾಡು ಹತ್ತಿದ್ದಿಲ್ಲ.

"ನಿಮ್ಮ ನಂಬರು ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು," ಎಂದರು ಟೀಚರ್. "ಅಷ್ಟು ಗುಂಡಿ ತಂದು ಸುರಿದರೂ ಹದಿಮೂರರದೇ ಕಥೆ. ಒಂದೇ ಸಾಲು, ಅದೂ ಊರು ದಾಟಿ ಹೋಗುತ್ತೆ. ಆದರೆ ದೊಡ್ಡ ವಿಷಯ ಅದಲ್ಲ. ಹೊರಗೆ ಬನ್ನಿ."

ಈಗ ರಸ್ತೆಯ ನಡುವೆ ಇಬ್ಬರು ಒಂದು ಕಣ್ಣು ಮುಚ್ಚಿ ನಿಂತರು. ಟೀಚರ್ ಅಂಗೈಯಿಂದ ಕೊನೆಯ ಅಂಕಿಯಾದ ಮೂರನ್ನು ಮರೆಮಾಡಿಸಿದರು. ಉಳಿದ ಏಳು ಅಂಕಿಯ ಸಂಖ್ಯೆಯೂ ಒಡೆಯುವುದಿಲ್ಲವಂತೆ. ಇನ್ನೊಂದು ಮುಚ್ಚಿದರೆ ಉಳಿದ ಆರಂಕಿಯದೂ ಅಷ್ಟೇ. ಹೀಗೆ ಬಾಲದಿಂದ ಒಂದೊಂದೇ ಅಂಕಿ ಕಿತ್ತುಕೊಂಡು ಬಂದರೆ ಎಪ್ಪತ್ತಮೂರು ಸಾವಿರ ಚಿಲ್ಲರೆ, ಏಳು ಸಾವಿರ ಚಿಲ್ಲರೆ, ಏಳುನೂರ ಮೂವತ್ತೊಂಬತ್ತು, ಎಪ್ಪತ್ತಮೂರು, ಕಟ್ಟಕಡೆಗೆ ಬರೀ ಏಳು. ಯಾವ ಹಂತದಲ್ಲೂ ಒಡೆಯುವುದಿಲ್ಲ.

"ಹಲ್ಲಿ ಬಾಲ ಹೋದರೂ ಹಲ್ಲಿಯೇ ಅಲ್ವಾ, ಹಾಗೆ," ಎಂದ ಮೆಕ್ಯಾನಿಕ್.

"ಹಲ್ಲಿಗೆ ಒಂದೇ ಬಾಲ. ಇದಕ್ಕೆ ಏಳು ಸಲ ಕಿತ್ತರೂ ಜೀವ ಹೋಗಲ್ಲ. ಈ ಗುಣ ಇರೋ ಸಂಖ್ಯೆಗಳು ಒಟ್ಟು ಎಂಬತ್ತಮೂರು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಿಮ್ಮದು."

"ಇದಕ್ಕಿಂತ ದೊಡ್ಡದು ಇನ್ನೂ ಸಿಕ್ಕಿಲ್ವಾ?"

"ಸಿಕ್ಕಿಲ್ಲ ಅಂತಲ್ಲ. ಇಲ್ಲ. ಇರೋದಕ್ಕೆ ಸಾಧ್ಯವೇ ಇಲ್ಲ ಅಂತ ಲೆಕ್ಕ ಹಾಕಿ ತೋರಿಸಿದಾರೆ."

ಮೆಕ್ಯಾನಿಕ್ ಬಹಳ ಹೊತ್ತು ಬೋರ್ಡನ್ನೇ ನೋಡುತ್ತ ನಿಂತ. ಮೂವರು ಮಕ್ಕಳಲ್ಲಿ ಅವನು ನಡುವಿನವನು. ಶಾಲೆಯಲ್ಲಿ ನಡುವಿನ ಬೆಂಚು. ಅಂಗಿ ಕೊಳ್ಳಲು ಹೋದರೆ ನಡುವಿನ ಅಳತೆ. ಅವನ ಅಂಗಡಿ ಕೂಡ ರಸ್ತೆಯ ನಡುಭಾಗದಲ್ಲೇ ಇತ್ತು. ಐವತ್ತೆರಡು ವರ್ಷ ಯಾವುದರ ತುದಿಯನ್ನೂ ಕಾಣದ ಮನುಷ್ಯನಿಗೆ, ಇಡೀ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿಕೊಂಡ ಒಂದು ವಸ್ತು ಸಿಕ್ಕಿತ್ತು. ಅದೂ ಹದಿನೆಂಟು ವರ್ಷದಿಂದ ನೆತ್ತಿಯ ಮೇಲೇ ನೇತಾಡುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಸಾವಧಾನವಾಗಿ ಕೇಳಿದಳು.

"ಅಂದ್ರೆ ಯಾರ ಜೊತೆಗೂ ಪಾಲು ಹಂಚಿಕೊಳ್ಳಲ್ಲ ಅಂತ ತಾನೆ?"

"ಹೂಂ. ಅದೇ ಅದರ ಹೆಚ್ಚುಗಾರಿಕೆ."

"ಮನೆ ಕೆಲಸದಲ್ಲಿ ನೀವೂ ಹಾಗೇ ಅಲ್ವಾ? ನಾನು ಮದುವೆಯಾದ ಮಾರನೇ ದಿನವೇ ಕಂಡುಹಿಡಿದಿದ್ದೆ. ನಂಗೆ ಯಾರೂ ಮೇಡಂ ಅನ್ನಲಿಲ್ಲ." ಹಾಗಂದು ಅವನ ತಟ್ಟೆಯನ್ನು ಅವನ ಕೈಗೇ ಕೊಟ್ಟು, "ತೊಳೆದಿಡಿ, ನಂಬರಿಗೆ ಏನೂ ಆಗಲ್ಲ," ಎಂದಳು.

ಅಂದಿನಿಂದ ಮೆಕ್ಯಾನಿಕನ ಧಾಟಿಯೇ ಬದಲಾಯಿತು. ಫೋನು ಬಡಿದುಕೊಂಡರೆ "ಹಲೋ" ಅನ್ನುವ ಬದಲು "ಯಾವ ನಂಬರಿಗೆ ಮಾಡಿದೀರಿ ಗೊತ್ತಾ?" ಅನ್ನತೊಡಗಿದ. ಅರ್ಧ ಜನ ಹೆದರಿ ಇಟ್ಟುಬಿಡುತ್ತಿದ್ದರು. ತಪ್ಪಿ ಫೋನು ಮಾಡಿದ್ದ ಒಬ್ಬ ಪಾಪದವನನ್ನು ಹಿಡಿದುಕೊಂಡು, ಕಾಲು ಗಂಟೆ ಬಾಲ ಕೀಳುವ ಕ್ರಮವನ್ನು ವಿವರಿಸಿದ. ಅವನಿಗೆ ಬೇಕಾಗಿದ್ದು ಪಶುವೈದ್ಯರು. ಅವನ ನಾಯಿಗೂ ಬಾಲದ್ದೇ ಏನೋ ತೊಂದರೆಯಿದ್ದರಿಂದ ಮಾತು ಇಬ್ಬರಿಗೂ ಅರ್ಥವಾಗದೆ ಇನ್ನಷ್ಟು ಬೆಳೆಯಿತು.

ರಿಪೇರಿಗೆ ಬಂದ ಯಂತ್ರಗಳು ಸಾಲಾಗಿ ನಿಂತವು. ಪಕ್ಕದ ಬೀದಿಯ ದರ್ಜಿ ಮೂರನೆಯ ಸಲ ಬಂದು ಗೋಗರೆದ: "ಅಣ್ಣಾ, ಪ್ಯಾಂಟಿನ ಒಂದು ಕಾಲು ಹೊಲಿದು ಹತ್ತು ದಿನ ಆಯ್ತು. ಗಿರಾಕಿ ದಿನಾ ಬಂದು ಇನ್ನೊಂದು ಕಾಲು ಎಲ್ಲಿ ಅಂತ ಕೇಳ್ತಾನೆ."

"ಕೂತ್ಕೋ. ಹದಿಮೂರು ಗುಂಡಿ ಕೊಡ್ತೀನಿ, ಸಾಲಾಗಿ ಜೋಡಿಸು ನೋಡೋಣ."

"ಹೋದ ಸಲವೂ ಇದನ್ನೇ ಮಾಡಿಸಿದ್ರಿ!"

ಟೀಚರ್ ಯಂತ್ರವೂ ಬಿಚ್ಚಿದ ಹಾಗೇ ಕೂತಿತ್ತು. ಅವರಿಗೆ ಬೇಸರವಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ಸ್ಟೂಲಿನ ಮೇಲೆ ಕೂತರೆ, ನಿವೃತ್ತಿಯಾದ ಮೇಲೆ ಸಿಕ್ಕಿದ ಒಬ್ಬನೇ ವಿದ್ಯಾರ್ಥಿಗೆ ಪಾಠ ಹೇಳುವುದರಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ದೂರವಾಣಿ ಕಚೇರಿಯಿಂದ ಕಾಗದ ಬಂತು. ಊರಿನಲ್ಲಿ ಫೋನುಗಳು ಹೆಚ್ಚಾಗಿ ಎಂಟು ಅಂಕಿ ಸಾಲುತ್ತಿಲ್ಲವೆಂದೂ, ಬರುವ ತಿಂಗಳಿನಿಂದ ಎಲ್ಲ ಸಂಖ್ಯೆಗಳ ಕೊನೆಗೆ ಒಂದೊಂದು ಅಂಕಿ ಸೇರಿಸಲಾಗುವುದೆಂದೂ, ತಮ್ಮ ಸಂಖ್ಯೆಯ ಕೊನೆಗೆ 4 ಬರುವುದೆಂದೂ ಅದರಲ್ಲಿತ್ತು. ಮೆಕ್ಯಾನಿಕ್ ಕಾಗದ ಹಿಡಿದುಕೊಂಡು ನಿಂತಲ್ಲೇ ಬಿಳಿಚಿಕೊಂಡ. ಅಷ್ಟು ದಿನದ ಪಾಠದಲ್ಲಿ ಇಷ್ಟಂತೂ ಅವನಿಗೆ ತಿಳಿದಿತ್ತು.

"ನಾಲ್ಕು! ಸಮಸಂಖ್ಯೆ! ಮೇಡಂ, ಕಣ್ಣುಮುಚ್ಚಿ ಎರಡು ಭಾಗ ಮಾಡಬಹುದು!"

"ನಡೀರಿ ಕಚೇರಿಗೆ," ಎಂದು ಟೀಚರ್ ಎದ್ದೇಬಿಟ್ಟರು. ಹೆಂಡತಿಯೂ ಹೊರಟಳು. ನಂಬರಿನ ಮೇಲಿನ ಪ್ರೀತಿಗಲ್ಲ. ಕಚೇರಿಯ ದಾರಿಯಲ್ಲೇ ದರ್ಜಿಯೊಬ್ಬನಿಗೆ ಅಂಗಿಗಳ ಗಂಟು ತಲುಪಿಸಬೇಕಿತ್ತು. ಅದರಲ್ಲಿ ನಾಲ್ಕು ಕಾಜಾ ಇನ್ನೂ ಬಾಕಿಯಿದ್ದವು.

ಕಚೇರಿಯಲ್ಲಿ ಉದ್ದ ಸಾಲು. ಮುಕ್ಕಾಲು ಗಂಟೆ ನಿಂತ ಮೇಲೆ ಕೌಂಟರ್ ಸಿಕ್ಕಿತು. ಒಳಗಿದ್ದ ಅಧಿಕಾರಿ ದಪ್ಪ ಮೀಸೆಯ, ಬಹಳ ದಣಿದ ಮನುಷ್ಯ. ತಲೆ ಎತ್ತದೆಯೇ ಕೇಳಿದ: "ಏನ್ರೀ ತೊಂದರೆ?"

"ಸಾರ್, ನನ್ನ ನಂಬರನ್ನ ಎರಡರಿಂದ ಭಾಗಿಸೋ ಹಾಗೆ ಮಾಡಿಬಿಟ್ಟಿದೀರಿ."

ಅಧಿಕಾರಿ ತಲೆ ಎತ್ತಿದ. "ಯಾರು ಭಾಗಿಸ್ತಾರೆ?"

"ಯಾರು ಬೇಕಾದ್ರೂ!"

"ಫೋನ್ ಬರುತ್ತಾ?"

"ಬರುತ್ತೆ."

"ಹೋಗುತ್ತಾ?"

"ಹೋಗುತ್ತೆ."

"ಮಧ್ಯ ಯಾರಾದ್ರೂ ಬಂದು ಭಾಗಿಸಿದ್ರಾ?"

ಟೀಚರ್ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, ಹದಿಮೂರು ಗುಂಡಿಯಿಂದ ಶುರುಮಾಡಿ ಏಳರವರೆಗೆ ಎಲ್ಲವನ್ನೂ ಹೇಳಿದರು. ಪಾಠ ಮಾಡಿ ಮಾಡಿ ಪಳಗಿದ ಗಂಟಲು, ಸಾಲಿನ ಕೊನೆಯವನಿಗೂ ಕೇಳಿಸಿತು. ಹಿಂದಿದ್ದವರು ಗೊಣಗುವುದನ್ನು ಬಿಟ್ಟು ತಮ್ಮ ತಮ್ಮ ಕಾಗದ ತೆಗೆದು ತಮ್ಮ ನಂಬರುಗಳನ್ನು ಅನುಮಾನದಿಂದ ನೋಡತೊಡಗಿದರು. ಅಧಿಕಾರಿ ದೂರಿನ ಪುಸ್ತಕ ತೆರೆದ. ಅದರಲ್ಲಿ ತಂತಿ ಕಡಿದದ್ದು, ಸದ್ದು ಬಾರದ್ದು, ಬೇರೆಯವರ ಮಾತು ಕೇಳಿಸುವುದು, ಎಲ್ಲಕ್ಕೂ ಕಾಲಂ ಇತ್ತು. ಭಾಗವಾಗುವುದಕ್ಕೆ ಇರಲಿಲ್ಲ. "ಇತರೆ" ಎಂಬಲ್ಲಿ ಒಂದು ಗುರುತು ಹಾಕಿ, ಪೆನ್ನು ಕೆಳಗಿಟ್ಟ.

"ಆಯ್ತು. ಅಂಕಿ ಸೇರಿಸದೆ ಬಿಡೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಯಾವ ಅಂಕಿ ಅನ್ನೋದು ನನ್ನ ಕೈಲಿದೆ. ನಾಲ್ಕು ಬೇಡ ಅಂದ್ರೆ ಬೇಡ. ಹತ್ತರಲ್ಲಿ ಯಾವುದು ಬೇಕು ಹೇಳಿ."

ಮೆಕ್ಯಾನಿಕನ ಮುಖ ಅರಳಿತು. ಗೆದ್ದವನ ಹಾಗೆ ಟೀಚರ್ ಕಡೆ ತಿರುಗಿದ. "ಹೇಳಿ ಮೇಡಂ."

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಯಾವುದೂ ಆಗಲ್ಲ."

"ಯಾವುದೂ ಅಂದ್ರೆ?" ಎಂದರು ಇಬ್ಬರೂ ಒಟ್ಟಿಗೆ.

"ಎರಡು, ನಾಲ್ಕು, ಆರು, ಎಂಟು ಹಾಕಿದ್ರೆ ಸಮಸಂಖ್ಯೆ. ಐದು, ಸೊನ್ನೆ ಹಾಕಿದ್ರೆ ಐದರಿಂದ ಹೋಗುತ್ತೆ. ಒಂದು ಹಾಕಿ ಅಂಕಿಗಳನ್ನ ಕೂಡಿದರೆ ಮೂವತ್ತೊಂಬತ್ತು, ಏಳು ಹಾಕಿದರೆ ನಲವತ್ತೈದು, ಎರಡೂ ಮೂರರ ಮಗ್ಗಿ. ಉಳಿದದ್ದು ಮೂರು ಮತ್ತು ಒಂಬತ್ತು. ನೋಡೋಕೆ ಸಾಧು. ಒಡೆಯೋಕೆ ಹೊತ್ತು ಹಿಡಿಯುತ್ತೆ, ಆದ್ರೆ ಅವೂ ಒಡೆಯುತ್ತವೆ."

"ಗೊತ್ತಿದ್ದೂ ನಂಗೆ ಹೇಳಲಿಲ್ವಾ ಮೇಡಂ?" ಎಂದ ಮೆಕ್ಯಾನಿಕ್.

"ಮೊದಲ ದಿನವೇ ಹೇಳಿದ್ದೆ, ಇದೇ ಎಲ್ಲಕ್ಕಿಂತ ದೊಡ್ಡದು ಅಂತ. ಅದರ ಅರ್ಥವೇ ಇದು. ಇನ್ನೊಂದು ಅಂಕಿ ಸೇರಿಸಿದ್ರೂ ಒಡೆಯದೆ ನಿಂತಿದ್ರೆ, ಆ ಹೊಸದು ಇದಕ್ಕಿಂತ ದೊಡ್ಡದಾಗ್ತಿತ್ತು. ಯಾವುದು ಸೇರಿದರೂ ಕೆಡುತ್ತೆ, ಅದಕ್ಕೇ ಇದು ಕೊನೇದು."

ಅಧಿಕಾರಿ ಮೀಸೆ ಸವರಿಕೊಂಡ. "ಅಲ್ಲಮ್ಮಾ, ಯಾವುದೂ ಆಗಲ್ಲ ಅಂತ ಗೊತ್ತಿದ್ರೆ ಇಲ್ಲಿ ಯಾಕೆ ಬಂದ್ರಿ?"

"ಇಲಾಖೆಯವರು ಏನು ಮಾಡ್ತಿದಾರೆ ಅನ್ನೋದು ಇಲಾಖೆಯವರಿಗಾದ್ರೂ ಗೊತ್ತಿರಲಿ ಅಂತ."

"ಹಿಂದೆ ಬೇಡ, ಮುಂದೆ ಹಾಕಿ!" ಎಂದು ಸಾಲಿನಿಂದ ಯಾರೋ ಕೂಗಿದರು.

"ಮುಂದೆ ಹಾಕಿದ್ರೆ ಬೇರೆ ಊರಿಗೆ ಹೋಗುತ್ತೆ," ಎಂದು ಅಧಿಕಾರಿ ಅಲ್ಲಿಗೇ ಕೂಗಿದ.

ಮೆಕ್ಯಾನಿಕ್ ಕೌಂಟರಿನ ಕಟ್ಟೆಗೆ ಮೊಣಕೈ ಊರಿ ತಲೆ ತಗ್ಗಿಸಿದ. ಮೂರು ವಾರದ ದೊಡ್ಡಸ್ತಿಕೆ ಮುಗಿದಿತ್ತು. ಇನ್ನು ಮತ್ತೆ ನಡುವಿನ ಬೆಂಚು. ಅಷ್ಟರಲ್ಲಿ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದ ಹೆಂಡತಿ, ಹಲ್ಲಿನಲ್ಲಿ ದಾರ ಕಡಿದು, ತಲೆ ಎತ್ತದೆಯೇ ಹೇಳಿದಳು:

"ರೀ, ಸೊನ್ನೆ ಹಾಕಿಸ್ಕೊಳ್ಳಿ."

"ನಿಂಗೆ ಗೊತ್ತಾಗಲ್ಲ, ಸುಮ್ನಿರೇ."

"ಗೊತ್ತಾಗೋದೇನಿದೆ? ಏನಾದ್ರೂ ಸೇರಿಸಲೇಬೇಕು ಅಂತಾರೆ. ಏನೂ ಸೇರಬಾರದು ಅಂತ ನೀವಂತೀರಿ. ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೆ? ಅವರ ಮಾತೂ ನಡೀತು, ನಿಮ್ಮದೂ ನಡೀತು. ನಂಗೆ ಅಂಗಿ ಕೊಡೋಕೆ ಹೊತ್ತಾಯ್ತು."

ಟೀಚರ್ ದೊಡ್ಡವರ ಸಹನೆಯಿಂದ ನಕ್ಕರು. "ಹಾಗಲ್ಲಮ್ಮ. ಕೊನೆಗೆ ಸೊನ್ನೆ ಹಾಕಿದ್ರೆ ಸಂಖ್ಯೆ ಹತ್ತು ಪಟ್ಟಾಗುತ್ತೆ. ಸುಲಭವಾಗಿ ಒಡೆಯುತ್ತೆ. ಎರಡರಿಂದ ಹೋಗುತ್ತೆ, ಐದರಿಂದ ಹೋಗುತ್ತೆ, ಆಮೇಲೆ..."

ಮಾತು ಅಲ್ಲಿಗೇ ನಿಂತಿತು. ಟೀಚರ್ ಬೆರಳು ಗಾಳಿಯಲ್ಲಿ ಏನೋ ಬರೆಯಿತು, ಬರೆದದ್ದನ್ನು ಅಳಿಸಿತು. ಅವರು ನಿಧಾನವಾಗಿ ಹೋಗಿ ಹೆಂಡತಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತುಬಿಟ್ಟರು.

"ಆಮೇಲೆ?" ಎಂದ ಅಧಿಕಾರಿ. ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ.

"ಆಮೇಲೆ ಉಳಿಯೋದು ಹಳೇ ನಂಬರು. ಇಡಿಯಾಗಿ, ಒಂದು ಅಂಕಿಯೂ ಮುಕ್ಕಾಗದೆ. ಎರಡು ಸಲ ಐದು ಸಲ ಅದೇ. ಬೇರೆ ಯಾವ ಅಂಕಿ ಹಾಕಿದ್ರೂ ಒಡೆದ ಚೂರುಗಳಲ್ಲಿ ಹಳೇದರ ಸುಳಿವೂ ಸಿಗಲ್ಲ. ಸೊನ್ನೆ ಹಾಕಿದ್ರೆ ಮಾತ್ರ ಅದು ಒಳಗೆ ಹಾಗೇ ಕೂತಿರುತ್ತೆ." ಅವರು ಹೆಂಡತಿಯ ಕಡೆ ತಿರುಗಿದರು. "ನಂಗೆ ಇದು ಹೊಳೀಲಿಲ್ಲ ನೋಡಮ್ಮ. ಮೂವತ್ತಾರು ವರ್ಷ ಪಾಠ ಮಾಡಿದೀನಿ."

"ಹಳೇ ಕೋಟಿನ ಮೇಲೊಂದು ಹೊದಿಕೆ ಹಾಕಿದ ಹಾಗೆ," ಎಂದಳು ಹೆಂಡತಿ, ಮುಂದಿನ ಕಾಜಾಕ್ಕೆ ದಾರ ಪೋಣಿಸುತ್ತ. "ಒಳಗಿನ ಕೋಟು ಹಾಗೇ ಇರುತ್ತೆ. ಅಷ್ಟಕ್ಕೆ ಇಷ್ಟು ರಾದ್ಧಾಂತ."

ಮೆಕ್ಯಾನಿಕ್ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದ. ಇಪ್ಪತ್ತೇಳು ವರ್ಷ ಅವಳ ಜೊತೆ ಬಾಳಿದ್ದ. ಇವತ್ತು ಮೊದಲ ಸಲ ಒಂದು ಕಣ್ಣು ಮುಚ್ಚಿ ನೋಡಬೇಕು ಅನ್ನಿಸಿತು.

"ಸಾರ್, ಸೊನ್ನೆ ಸಿಗುತ್ತಾ?"

"ಸಿಗೋದೇನು, ರಾಶಿ ಬಿದ್ದಿದೆ. ಸಿಕ್ಕಿದವರೆಲ್ಲ ಇದೇನು ಸೊನ್ನೆ ಅಂತ ವಾಪಸ್ ತಂದುಕೊಡ್ತಿದಾರೆ. ಕೇಳಿಕೊಂಡು ಬಂದವರು ನೀವೇ ಮೊದಲು." ಅಧಿಕಾರಿ ಕಾಗದದ ಮೇಲಿನ ನಾಲ್ಕನ್ನು ಹೊಡೆದುಹಾಕಿ, ದುಂಡಗೆ ಒಂದು ಸೊನ್ನೆ ಬರೆದು, ಪಕ್ಕದಲ್ಲಿ ಸಹಿ ಮಾಡಿ, ಧಡ್ ಎಂದು ಮುದ್ರೆ ಒತ್ತಿದ. ಸಾಲಿನಲ್ಲಿದ್ದ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಉಳಿದವರು ಇನ್ನಾದರೂ ಸಾಲು ಮುಂದೆ ಹೋಗುತ್ತದಲ್ಲ ಎಂದು ಉಸಿರುಬಿಟ್ಟರು.

ಬೋರ್ಡಿನಲ್ಲಿ ಜಾಗವಿರಲಿಲ್ಲ. ಮೆಕ್ಯಾನಿಕ್ ಸೊನ್ನೆಯನ್ನು ಅಂಚಿಗೆ ಒತ್ತಿ ಸಣ್ಣದಾಗಿ ಬರೆದ. ಹತ್ತಿರ ಹೋಗಿ ನೋಡಿದರಷ್ಟೇ ಕಾಣುತ್ತಿತ್ತು. ಅದರಿಂದಾಗಿ ಗಿರಾಕಿಗಳ ಫೋನು ಬಾರದೆ, ಅವನಿಗೆ ಕೆಲಸ ಮಾಡಲು ಬೇಕಾದಷ್ಟು ಬಿಡುವು ಸಿಕ್ಕಿತು. ಒಂದೇ ವಾರದಲ್ಲಿ ದರ್ಜಿಯ ಪ್ಯಾಂಟಿಗೆ ಎರಡನೆಯ ಕಾಲು ಬಂತು. ಟೀಚರ್ ಯಂತ್ರವೂ ಎಣ್ಣೆ ಕುಡಿದು, ಹೊಸ ಬೆಲ್ಟು ತೊಟ್ಟು, ಒಂದು ಹೊಲಿಗೆಯೂ ತಪ್ಪದೆ ಓಡತೊಡಗಿತು. ಅದನ್ನು ಒಯ್ಯಲು ಅವರು ಬಂದ ದಿನವೇ, ಹೊಸ ನಂಬರಿಗೆ ಮೊದಲ ಫೋನು ಬಂತು.

"ಹಲೋ, ಹೊಲಿಗೆ ಯಂತ್ರ ರಿಪೇರಿ," ಎಂದ ಮೆಕ್ಯಾನಿಕ್ ಮರ್ಯಾದೆಯಾಗಿ.

"ನಾನ್ರೀ, ದೂರವಾಣಿ ಕಚೇರಿಯವನು. ಕೌಂಟರು." ದನಿ ತಗ್ಗಿತ್ತು, ಅಕ್ಕಪಕ್ಕದವರಿಗೆ ಕೇಳಬಾರದು ಎಂಬ ಹಾಗೆ. "ಆ ಮೇಡಂ ಅಲ್ಲಿದಾರಾ? ನಮ್ಮ ಮನೆ ನಂಬರು ಒಂದು ಹೇಳ್ತೀನಿ. ಅದರಲ್ಲೂ ಏನಾದ್ರೂ ಇದೆಯಾ ಅಂತ ಸ್ವಲ್ಪ ನೋಡಿ ಹೇಳ್ತಾರಾ?"

ಅವನು ಹೇಳಿದ ಒಂಬತ್ತು ಅಂಕಿಗಳನ್ನು ಮೆಕ್ಯಾನಿಕ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದ. ಟೀಚರ್ ಬಗ್ಗಿ ನೋಡಿ, ಬೆರಳು ಮಡಿಸಿ ಕೂಡಿ, ಪಾಪ ಎಂಬಂತೆ ತಲೆಯಾಡಿಸಿದರು. ಮೂರು ಬೆರಳು ಎತ್ತಿ ತೋರಿಸಿದರು. ಮೂರರಿಂದ ಭಾಗವಾಗುತ್ತದೆ, ತೀರಾ ಸಾಮಾನ್ಯ.

ಮೆಕ್ಯಾನಿಕ್ ರಿಸೀವರಿಗೆ ಕೈ ಅಡ್ಡ ಹಿಡಿದು ಒಂದು ಕ್ಷಣ ಯೋಚಿಸಿದ. ತನ್ನ ನಂಬರು ಕೆಡುತ್ತದೆಂದು ಗೊತ್ತಾದಾಗ ಕೌಂಟರಿನ ಕಟ್ಟೆಗೆ ತಲೆ ತಗ್ಗಿಸಿ ನಿಂತದ್ದು ಅವನಿಗೆ ಮರೆತಿರಲಿಲ್ಲ. ಕೈ ತೆಗೆದು ಹೇಳಿದ:

"ಒಳ್ಳೇ ನಂಬರು ಸಾರ್. ಮೂವರಿಗೆ ಸಮಸಮ ಹಂಚಬಹುದು. ಒಬ್ಬರಿಗೂ ಒಂದು ಚೂರೂ ಹೆಚ್ಚುಕಮ್ಮಿ ಬರಲ್ಲ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಅಯ್ಯೋ, ನಂಗೆ ಮೂವರೇ ಹೆಣ್ಣುಮಕ್ಕಳು ಕಣ್ರೀ!" ಎಂದಿತು ದನಿ. ತಗ್ಗಿಸಬೇಕೆಂಬುದು ಮರೆತೇಹೋಗಿತ್ತು. "ಇವತ್ತೇ ಮನೆಗೆ ಹೋಗಿ ಮೂವರನ್ನೂ ಕೂರಿಸಿಕೊಂಡು ಹೇಳ್ತೀನಿ. ದಿನಾ ಬೆಳಗಾದರೆ ಬಚ್ಚಲಿಗೆ ಯಾರು ಮೊದಲು ಅಂತ ಜಗಳ ಅವಕ್ಕೆ!"

ಮೆಕ್ಯಾನಿಕ್ ಫೋನು ಇಟ್ಟ. ಟೀಚರ್ ಇನ್ನೂ ಮೇಜಿನ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದರು.

"ಇದು ಒಂಬತ್ತರಿಂದಲೂ ಭಾಗವಾಗುತ್ತೆ," ಎಂದರು. "ಅವರಿಗೆ ತಿಳಿಸಬೇಕಿತ್ತಲ್ಲ?"

"ಈಗಲೇ ಬೇಡ ಮೇಡಂ," ಎಂದ ಮೆಕ್ಯಾನಿಕ್, ಅವರ ಯಂತ್ರವನ್ನು ಎತ್ತಲು ಬಗ್ಗುತ್ತ. "ಮೊಮ್ಮಕ್ಕಳಾಗಲಿ."